ಸಿಪಿಆರ್ ಗೈಡ್‌ಲೈನ್ಸ್: ಏನು ಬಿಟ್ರು, ಏನು ಉಳಿಸ್ಕೊಂಡ್ರು

ನಮಸ್ಕಾರ. ಸಿಪಿಆರ್ ಅಂದ್ರೆ ಹೃದಯ ನಿಂತೋರಿಗೆ ಎದೆ ಒತ್ತಿ, ಉಸಿರು ಕೊಟ್ಟು ಬದುಕಿಸೋಕೆ ನೋಡೋದು. ಅದರ ಟ್ರೈನಿಂಗ್ ಎರಡನೇ ಸಲ ತಗೊಂಡೋರನ್ನ ಕೇಳಿನೋಡಿ, ಒಂದು ಗೊಣಗಾಟ ಇದ್ದೇ ಇರುತ್ತೆ, ಹೋದ್ಸಲ ಒಂಥರ ಹೇಳಿಕೊಟ್ರು ಈ ಸಲ ಇನ್ನೊಂಥರ ಹೇಳ್ತಿದಾರೆ, ಡಾಕ್ಟರ್‌ಗಳಿಗೇ ಗ್ಯಾರಂಟಿ ಇಲ್ವಾ ಅಂತ. ಬದಲಾಗೋದಂತೂ ನಿಜ. 1992ರಲ್ಲಿ ಇಲ್ಕಾರ್ ಅನ್ನೋ ಅಂತರರಾಷ್ಟ್ರೀಯ ಸಮಿತಿ ಶುರುವಾಯ್ತು, ಅವರು ಎಲ್ಲೆಲ್ಲಿ ಏನೇನು ಸಂಶೋಧನೆ ಆಗಿದೆ ಅಂತ ಸೋಸಿ ಕೊಡ್ತಾರೆ, ಅದನ್ನ ಇಟ್ಕೊಂಡು ಅಮೆರಿಕನ್ ಹಾರ್ಟ್ ಅಸೋಸಿಯೇಷನ್, ಯುರೋಪಿಯನ್ ರಿಸಸಿಟೇಶನ್ ಕೌನ್ಸಿಲ್ ಥರದವ್ರು ಸುಮಾರು ಐದು ವರ್ಷಕ್ಕೊಂದ್ಸಲ ಹೊಸ ಗೈಡ್‌ಲೈನ್ಸ್ ಬಿಡ್ತಾರೆ, ಇತ್ತೀಚಿನದು 2025ರದ್ದು. ಇಷ್ಟೂ ವರ್ಷದ್ದನ್ನ ಪಕ್ಕಪಕ್ಕ ಇಟ್ಟು ನೋಡಿದ್ರೆ, ಸೇರಿಸಿದ್ದಕ್ಕಿಂತ ಕೈಬಿಟ್ಟಿದ್ದೇ ನಂಗೆ ಹೆಚ್ಚು ಸ್ವಾರಸ್ಯವಾಗಿ ಕಾಣುತ್ತೆ.

ಹೃದಯ ಪೂರ್ತಿ ನಿಂತುಹೋದಾಗ ಅಟ್ರೊಪಿನ್ ಅನ್ನೋ ಔಷಧಿ ಕೊಡೋದು ಒಂದು ಕಾಲದಲ್ಲಿ ರೂಢಿ, 2010ರಲ್ಲಿ ಅದನ್ನ ತೆಗೆದ್ರು. 2015ರಲ್ಲಿ ಅಮೆರಿಕದವ್ರ ಪಟ್ಟಿಯಿಂದ ವ್ಯಾಸೊಪ್ರೆಸಿನ್ ಅನ್ನೋ ಇನ್ನೊಂದು ಔಷಧಿ ಹೋಯ್ತು. ಹೃದಯದ ಬಡಿತ ಸರಿಮಾಡೋಕೆ ಸಾಲಾಗಿ ಮೂರು ಕರೆಂಟ್ ಶಾಕ್ ಕೊಡ್ತಿದ್ರಲ್ಲ, 2005ರಿಂದ ಒಂದೇ ಶಾಕ್, ತಕ್ಷಣ ಮತ್ತೆ ಎದೆ ಒತ್ತಬೇಕು. ಅಡ್ರಿನಲಿನ್ ಮಾತ್ರ ಇನ್ನೂ ಇದೆ, ಮೂರರಿಂದ ಐದು ನಿಮಿಷಕ್ಕೊಂದ್ಸಲ 1 ಮಿಲಿಗ್ರಾಂ, ಆದ್ರೆ ಬ್ರಿಟನ್‌ನಲ್ಲಿ ಸುಮಾರು 8,000 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ಯಾರಾಮೆಡಿಕ್-2 ಅಧ್ಯಯನ ಏನು ಹೇಳ್ತು ಗೊತ್ತಾ, ಅಡ್ರಿನಲಿನ್ ಕೊಟ್ರೆ ಬದುಕೋರು ಸ್ವಲ್ಪ ಜಾಸ್ತಿ ಆಗ್ತಾರೆ, ಆದ್ರೆ ಮೆದುಳು ಚೆನ್ನಾಗಿದ್ದು ಮನೆಗೆ ಹೋಗೋರ ಸಂಖ್ಯೆಯಲ್ಲಿ ಹೇಳಿಕೊಳ್ಳೋಂಥ ವ್ಯತ್ಯಾಸ ಇಲ್ಲ ಅಂತ. ಇದನ್ನ ಓದಿದಾಗಿಂದ ಔಷಧಿ ಮೇಲೆ ನಂಗಿದ್ದ ಭಕ್ತಿ ಸ್ವಲ್ಪ ಇಳಿದಿದೆ.

ಹಾಗಾದ್ರೆ ಉಳಿದಿದ್ದು ಯಾವುದು? ಎದೆ ಒತ್ತೋದು. 1960ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಕೌವೆನ್‌ಹೋವೆನ್, ಜ್ಯೂಡ್, ನಿಕರ್‌ಬಾಕರ್ ಮೂರು ಜನ ಎದೆ ಕುಯ್ಯದೇನೇ ಹೊರಗಿಂದ ಒತ್ತಿ ರಕ್ತ ಓಡಿಸಬಹುದು ಅಂತ ತೋರಿಸಿದ್ರು. ಅದಕ್ಕೂ ಮುಂಚೆ ಎದೆ ತೆರೆದು ಹೃದಯಾನ ಕೈಯಲ್ಲೇ ಹಿಂಡೋದು ವಾಡಿಕೆ. ತಮಾಷೆ ಅಂದ್ರೆ ಕೌವೆನ್‌ಹೋವೆನ್ ಓದಿದ್ದು ಡಾಕ್ಟರಿಕೆ ಅಲ್ಲ, ಎಲೆಕ್ಟ್ರಿಕಲ್ ಇಂಜಿನಿಯರಿಂಗ್.

ಒತ್ತೋದ್ರಲ್ಲಿ ಮುಖ್ಯ ಗುಟ್ಟು ಏನಂದ್ರೆ, ಒಂದೇ ಒತ್ತಿಗೆ ಒತ್ತಡ ಹುಟ್ಟಲ್ಲ, ಬೋರ್‌ವೆಲ್ ಕೈಪಂಪ್ ಥರ, ಹತ್ತಾರು ಸಲ ಬಿಡದೆ ಒತ್ತಿದ್ಮೇಲೆ ಹೃದಯದ ರಕ್ತನಾಳಕ್ಕೆ ರಕ್ತ ನುಗ್ಗೋಕೆ ಶುರುವಾಗುತ್ತೆ, ನಿಲ್ಲಿಸಿದ ತಕ್ಷಣ ಅದೆಲ್ಲ ಇಳಿದುಹೋಗುತ್ತೆ, ಮತ್ತೆ ಮೊದಲಿಂದ ಕಟ್ಟಬೇಕು. ಅದಕ್ಕೇ 2005ರಲ್ಲಿ 15 ಒತ್ತು ಎರಡು ಉಸಿರು ಅಂತಿದ್ದಿದ್ದು 30 ಒತ್ತು ಎರಡು ಉಸಿರಾಯ್ತು, 2010ರಲ್ಲಿ ಅಮೆರಿಕದವ್ರು ಕ್ರಮಾನೇ ತಿರುಗಿಸಿ ಮೊದಲು ಒತ್ತು ಆಮೇಲೆ ಉಸಿರು ಅಂದ್ರು. ದೊಡ್ಡವರಿಗೆ ನಿಮಿಷಕ್ಕೆ 100ರಿಂದ 120, ಆಳ ಕನಿಷ್ಠ ಐದು ಸೆಂಟಿಮೀಟರ್, ಆರು ದಾಟಬಾರದು, ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೆ ಬರೋಕೆ ಬಿಡಬೇಕು, ಮೇಲೇ ವಾಲ್ಕೊಂಡು ಕೂತ್ರೆ ಹೃದಯಕ್ಕೆ ರಕ್ತ ತುಂಬಲ್ಲ. ಎರಡು ನಿಮಿಷಕ್ಕೆ ಇನ್ನೊಬ್ರು ಬದಲಾಗ್ಬೇಕು, ಯಾಕಂದ್ರೆ ನಂಗೇನೂ ಸುಸ್ತಿಲ್ಲ ಅನ್ನೋರ ಒತ್ತೂ ಅಷ್ಟೊತ್ತಿಗೆ ಮೇಲುಮೇಲಿಂದಾಗಿರುತ್ತೆ. ಪಕ್ಕೆಲುಬು ಕಟ್ ಅನ್ಬಹುದು, ಅನ್ಲಿ ಬಿಡಿ, ಅದು ಕೂಡ್ಕೊಳ್ಳುತ್ತೆ. ನೀರಲ್ಲಿ ಮುಳುಗಿದೋರು ಮತ್ತೆ ಮಕ್ಕಳ ಲೆಕ್ಕ ಬೇರೆ, ಅಲ್ಲಿ ಉಸಿರು ಕೊಡೋದು ತುಂಬ ಮುಖ್ಯ.

ಇನ್ನು ಜನ ಎಡವೋದು ಎಲ್ಲಿ ಅಂದ್ರೆ, ಬಿದ್ದಿರೋರು ಆಗಾಗ ಬಾಯಿ ತೆರೆದು ಗೊರಗೊರ ಅಂತ ಒಂದೊಂದು ಉಸಿರು ಎಳೀತಾರಲ್ಲ, ಅದನ್ನ ನೋಡಿ ಓ ಉಸಿರಾಡ್ತಿದಾರೆ ಅಂತ ಸುಮ್ನಾಗಿಬಿಡ್ತಾರೆ. ಅದು ಉಸಿರಾಟ ಅಲ್ಲ. ಕೂಗಿದ್ರೆ ಮಾತಿಲ್ಲ, ಉಸಿರು ಸರಿಯಿಲ್ಲ ಅಂದ್ರೆ ಆಂಬ್ಯುಲೆನ್ಸ್‌ಗೆ ಫೋನ್ ಮಾಡಿ ಸ್ಪೀಕರ್ ಹಾಕಿ ಒತ್ತೋಕೆ ಶುರುಮಾಡಿ, ಎಇಡಿ, ಅಂದ್ರೆ ಹೃದಯಕ್ಕೆ ಶಾಕ್ ಕೊಡೋ ಮಷೀನ್, ಹತ್ರದಲ್ಲಿದ್ರೆ ಯಾರನ್ನಾದ್ರೂ ಓಡಿಸಿ ತರಿಸಿ, ಅದೇ ಮಾತಾಡಿ ಏನು ಮಾಡ್ಬೇಕು ಅಂತ ಹೇಳುತ್ತೆ.

ಗ್ಯಾರಂಟಿ ಪ್ರಶ್ನೆಗೆ ಬರೋದಾದ್ರೆ, ಗೈಡ್‌ಲೈನ್ಸ್‌ನಲ್ಲೇ ಪ್ರತಿ ಶಿಫಾರಸಿನ ಪಕ್ಕ ಅದೆಷ್ಟು ಗಟ್ಟಿ, ಪುರಾವೆ ಯಾವ ದರ್ಜೆದು ಅಂತ ಬರೆದಿರ್ತಾರೆ, ಪುರಾವೆಯಲ್ಲಿ ಎ, ಅಂದ್ರೆ ಎಲ್ಲಕ್ಕಿಂತ ಮೇಲಿನ ದರ್ಜೆ ಸಿಕ್ಕಿರೋದು ಕಮ್ಮಿನೇ. ಊಹೆ ನಂಬಿದ್ರೆ ಏನಾಗುತ್ತೆ ಅನ್ನೋಕೆ 1989ರಲ್ಲಿ ಬಂದ ಕಾಸ್ಟ್ ಅಧ್ಯಯನದ ಫಲಿತಾಂಶ ಇದೆ, ಹಾರ್ಟ್ ಅಟ್ಯಾಕ್ ಆದ್ಮೇಲೆ ಬರೋ ಅಡ್ಡಬಡಿತ ನಿಲ್ಲಿಸಿದ್ರೆ ಸಾವು ಕಮ್ಮಿಯಾಗುತ್ತೆ ಅಂತ ಔಷಧಿ ಕೊಟ್ರು, ಅಡ್ಡಬಡಿತ ನಿಲ್ತು, ಆದ್ರೆ ಸಾವು ಜಾಸ್ತಿ ಆಯ್ತು.

ಹೊಸದೊಂದು ಹೇಳ್ಬಿಡ್ತೀನಿ, ಹಳೇ ಟ್ರೈನಿಂಗ್ ಆದೋರಿಗೆ ಬೇಕಾಗುತ್ತೆ. ಒಂದು ವರ್ಷದೊಳಗಿನ ಕೂಸಿಗೆ ಎರಡು ಬೆರಳಲ್ಲಿ ಒತ್ತಿ ಅಂತ ಕಲಿಸ್ತಿದ್ರು. 2025ರ ಅಮೆರಿಕನ್ ಗೈಡ್‌ಲೈನ್ಸ್ ಅದನ್ನ ಬಿಟ್ಟಿದೆ, ಬೇಕಾದಷ್ಟು ಆಳ ಹೋಗಲ್ಲ ಅಂತ. ಈಗ ಒಂದು ಅಂಗೈಯ ಬುಡದಲ್ಲಿ ಒತ್ತಬೇಕು, ಇಲ್ಲಾಂದ್ರೆ ಎರಡೂ ಕೈಯಲ್ಲಿ ಎದೆ ಸುತ್ತ ಹಿಡಿದು ಹೆಬ್ಬೆಟ್ಟುಗಳಲ್ಲಿ ಒತ್ತಬೇಕು, ಸುಮಾರು ನಾಲ್ಕು ಸೆಂಟಿಮೀಟರ್ ಆಳ.