ಅಮ್ಮನ ಗಾಯ ಯಾಕೆ ತಡವಾಗಿ ಮಾಯುತ್ತೆ?

(ಪರದೆಯಲ್ಲಿ: ತೋಳಿನ ಮೇಲೆ ಪುಟ್ಟ ಗಾಯ)

ಈ ಗಾಯದ ಅಗಲ ಬರೀ 3.5 ಮಿಲಿಮೀಟರ್. ಅಮೆರಿಕದ ಓಹಾಯೋದಲ್ಲಿ ಸಂಶೋಧಕರು 26 ಹೆಂಗಸರ ತೋಳಿನಲ್ಲಿ ಇಂಥ ಗಾಯ ಮಾಡಿದರು. ಒಪ್ಪಿಗೆ ಕೇಳಿಯೇ, ಗಾಬರಿ ಬೇಡ! ಅವರ ಸರಾಸರಿ ವಯಸ್ಸು ಅರವತ್ತರ ಆಸುಪಾಸು. 13 ಮಂದಿ ಮನೆಯಲ್ಲಿ ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುತ್ತಿದ್ದರು. ಉಳಿದ 13 ಮಂದಿಗೆ ಆ ಹೊರೆ ಇರಲಿಲ್ಲ. ಹೊರೆ ಇಲ್ಲದವರ ಗಾಯ ಸರಾಸರಿ 39 ದಿನಕ್ಕೆ ಮಾಯಿತು. ನೋಡಿಕೊಳ್ಳುವವರದ್ದು ಇನ್ನೂ 9 ದಿನ ಜಾಸ್ತಿ ತೆಗೆದುಕೊಂಡಿತು. 1995ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಹಾಗಾದರೆ ಮನೆಯವರನ್ನು ನೋಡಿಕೊಳ್ಳುವುದೇ ತಪ್ಪಾ? ಅಲ್ಲ. 1999ರಲ್ಲಿ ಇನ್ನೊಂದು ಅಧ್ಯಯನ ಬಂತು. 66 ದಾಟಿದ ಗಂಡ ಹೆಂಡಿರನ್ನು ನಾಲ್ಕು ವರ್ಷ ಗಮನಿಸಿದರು. ಸಂಗಾತಿಯ ಆರೈಕೆ ಮಾಡುತ್ತಾ ಒಳಗೊಳಗೇ ಬೇಯುತ್ತಿದ್ದವರಲ್ಲಿ ಸಾವಿನ ಅಪಾಯ, ಆರೈಕೆಯ ಹೊರೆ ಇಲ್ಲದವರಿಗಿಂತ ಶೇ. 63ರಷ್ಟು ಹೆಚ್ಚಿತ್ತು. ಆರೈಕೆ ಮಾಡಿಯೂ ಅಷ್ಟು ಒತ್ತಡ ಇಲ್ಲದವರಲ್ಲಿ ಆ ಹೆಚ್ಚಳ ಕಾಣಲಿಲ್ಲ.

ಇವೆರಡೂ ನೋಡಿದ್ದು ಆರೈಕೆ ಮಾಡುವವರನ್ನು. ಆ ಒತ್ತಡ ಹೆಚ್ಚಿಸುವ ಒಂದು ಸ್ವಭಾವ ಇದೆ: ತನ್ನನ್ನು ಮರೆತು ಇನ್ನೊಬ್ಬರಿಗಾಗಿಯೇ ಬದುಕುವುದು. ಅದಕ್ಕೆ ಕೋಡಿಪೆಂಡೆನ್ಸಿ ಅಂತಾರೆ. ಗಂಡನ ಬಿಪಿ ಮಾತ್ರೆ ಎಷ್ಟು ಗಂಟೆಗೆ ಅಂತ ಗೊತ್ತು, ತನ್ನ ಬಿಪಿ ಎಷ್ಟು ಅಂತ ಗೊತ್ತಿಲ್ಲ. ಮಗನ ಮುಖ ಬಾಡಿದರೆ ಇವರಿಗೆ ಊಟ ಸೇರದು. ಅವನು ಕುಡಿದು ಮಲಗಿದ್ದರೆ ಆಫೀಸಿಗೆ ಫೋನ್ ಮಾಡಿ "ಜ್ವರ" ಅನ್ನುವವರೂ ಇವರೇ. ಮಂಡಿ ನೋವಾ? "ನಂಗೇನಾಗಿದೆ ಬಿಡು."

ಈ ಪದ ಬೆಳೆದದ್ದು ಅಮೆರಿಕದ ಕುಡಿತದ ಚಿಕಿತ್ಸಾ ಕೇಂದ್ರಗಳಲ್ಲಿ. ವೈದ್ಯರ ಅಧಿಕೃತ ಕಾಯಿಲೆಗಳ ಪಟ್ಟಿಯಲ್ಲಿ ಇದಿಲ್ಲ. ನನಗೂ ಈ ಪದದ ಮೇಲೆ ಸ್ವಲ್ಪ ಸಿಟ್ಟಿದೆ. ಗಂಡ ಕುಡಿದರೆ ಹೆಂಡತಿಗೂ ಒಂದು ಕಾಯಿಲೆಯ ಹೆಸರು ಅಂಟಿಸಿದ ಹಾಗಾಯಿತು, ಅಲ್ವಾ? ಎಲ್ಲರ ಊಟ ಆದ ಮೇಲೆ ತಳದಲ್ಲಿ ಉಳಿದದ್ದನ್ನು ಬಳಿದು ತಿನ್ನುವುದನ್ನು ಅವಳಿಗೆ ಕಲಿಸಿದವರು ನಾವೇ. ಆದರೂ ಆ ಪದವನ್ನು ನಾನು ಎಸೆಯುವುದಿಲ್ಲ. ಇದನ್ನು ಅಳೆಯಲು ನರ್ಸಿಂಗ್ ಸಂಶೋಧಕರು ಮಾಡಿದ 25 ಪ್ರಶ್ನೆಗಳ ಪಟ್ಟಿಯೊಂದಿದೆ. ತನ್ನನ್ನು ಕಡೆಗಣಿಸುವುದು, ಮನಸ್ಸಿನದ್ದನ್ನು ಬಚ್ಚಿಡುವುದು ಅದರಲ್ಲಿವೆ. ಅವುಗಳ ಪಕ್ಕದಲ್ಲೇ ಮೈ ಸರಿಯಿಲ್ಲ ಎಂಬ ದೂರೂ ಇದೆ.

ಮನಸ್ಸು ಭಾರವಾದರೆ ಸರ್ಕಾರದ ಸಹಾಯವಾಣಿ ಟೆಲಿ ಮನಸ್‌ಗೆ ಫೋನ್ ಮಾಡಿ, 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮತ್ತೆ ಯಜಮಾನರ ಚೆಕಪ್‌ಗೆ ಹೋದಾಗ ಅದೇ ಕುರ್ಚಿಯಲ್ಲಿ ಕೂತು ನಿಮ್ಮ ತೋಳನ್ನೂ ಚಾಚಿ. ಗಾಯ ಬೇಗ ಮಾಯುತ್ತಿಲ್ಲ ಅಂದರೆ ಶುಗರ್ ಕೂಡ ನೋಡಿಸಿ.