ಹ್ಯೂಸ್ಟನ್ನಿನ ಎರೆಮಣ್ಣಲ್ಲಿ ಮನೆ ಸುತ್ತ ಗಿಡ

ಎಲ್ರಿಗೂ ನಮಸ್ಕಾರ. ಅಕ್ಟೋಬರ್ ಬಂತು, ಬಿಸಿಲಿನ ಆರ್ಭಟ ಸ್ವಲ್ಪ ಇಳೀತು, ಟೆಕ್ಸಸ್‌ನ ಹ್ಯೂಸ್ಟನ್ ಸುತ್ತಮುತ್ತ ಇರೋ ನಮ್ಮ ಜನ, ಅಂದ್ರೆ ಕೇಟಿ, ಶುಗರ್ ಲ್ಯಾಂಡ್, ಪೇರ್‌ಲ್ಯಾಂಡ್, ಸೈಪ್ರೆಸ್ ಕಡೆಯೋರೆಲ್ಲ ಈಗ ವೀಕೆಂಡ್ ಬಂದ್ರೆ ನರ್ಸರಿ ಕಡೆ ಕಾರು ತಿರುಗಿಸೋ ಟೈಮು. ಒಂದು ನಿಮಿಷ ತಡೀರಿ. ಗಿಡ ಆಮೇಲೆ ತಗೊಳ್ಳೋಣ, ಮೊದಲು ನಿಮ್ಮ ಮನೆ ಸುತ್ತ ಮಳೆನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗತ್ತೆ ಅಂತ ನೋಡಿ. ಈ ಊರಲ್ಲಿ ತೋಟ ಮಾಡೋದು ಅಂದ್ರೆ ಮುಕ್ಕಾಲು ಭಾಗ ಅದೇ ಕೆಲಸ.

ಯಾಕೆ ಅಂದ್ರೆ ಮಣ್ಣು. ಇಲ್ಲಿಯೋರು ಗಂಬೋ ಅಂತಾರಲ್ಲ, ಆ ಕಪ್ಪು ಜಿಗುಟು ಮಣ್ಣು, ಗದಗ ಧಾರವಾಡ ವಿಜಯಪುರ ಕಲಬುರಗಿ ಕಡೆಯಿಂದ ಬಂದೋರಿಗೆ ಹೊಸದೇನಲ್ಲ. ನಮ್ಮ ಎರೆಮಣ್ಣು, ಇಲ್ಲಿನ ಗಂಬೋ, ಎರಡನ್ನೂ ಮಣ್ಣಿನ ವಿಜ್ಞಾನದೋರು ವರ್ಟಿಸಾಲ್ ಅನ್ನೋ ಒಂದೇ ಗುಂಪಿಗೆ ಸೇರಿಸ್ತಾರೆ. ಒಳಗಿರೋ ಜೇಡಿ ಸ್ಮೆಕ್ಟೈಟ್ ಜಾತಿದು, ನೀರು ಕುಡಿದ್ರೆ ಉಬ್ಬತ್ತೆ, ಒಣಗಿದ್ರೆ ಕುಗ್ಗಿ ಬಾಯಿ ಬಿಡತ್ತೆ. ವ್ಯತ್ಯಾಸ ಇರೋದು ಮಳೆಯಲ್ಲಿ. ವಿಜಯಪುರದ ಕಡೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ, ಆ ನೀರನ್ನ ಮಣ್ಣು ಹಿಡ್ಕೊಂಡಿರೋದ್ರಿಂದಾನೇ ಹಿಂಗಾರಿ ಜೋಳ ಬೆಳೆಯತ್ತೆ. ಇಲ್ಲಿ ಸುಮಾರು 50 ಇಂಚು, ಅಂದ್ರೆ ಅದರ ಎರಡು ಪಟ್ಟು, ಅದೂ ಕೆಲವು ಸಲ ಒಂದೇ ರಾತ್ರಿಗೆ ತಿಂಗಳ ಮಳೆ ಸುರಿಯೋದು, 2017ರ ಹಾರ್ವೀ ಚಂಡಮಾರುತಾನ ಯಾರೂ ಮರೆತಿಲ್ಲ. ನಡುವೆ 2011, 2023ರ ಥರ ಒಣ ಬೇಸಿಗೆಗಳು. ಹಾಗಾಗಿ ಒಂದೇ ಮಣ್ಣು ಮೇ ತಿಂಗಳಲ್ಲಿ ಕೆಸರು, ಆಗಸ್ಟ್‌ನಲ್ಲಿ ಕೈ ತೂರುವಷ್ಟು ಬಿರುಕು. (ವುಡ್‌ಲ್ಯಾಂಡ್ಸ್ ಕಡೆ ಮರಳು ಜಾಸ್ತಿ, ಅಲ್ಲಿಯೋರಿಗೆ ಇವತ್ತಿನ ಮಾತು ಅರ್ಧ ಮಾತ್ರ ಅನ್ವಯ, ಬೇಜಾರು ಮಾಡ್ಕೋಬೇಡಿ.)

ಹೊಸ ಬಡಾವಣೆಗಳಲ್ಲಿ ಇನ್ನೊಂದು ತೊಂದ್ರೆ. ಮನೆ ಕಟ್ಟೋವಾಗ ಮೇಲಿನ ಒಳ್ಳೆ ಮಣ್ಣು ಕೆರೆದು ಹೋಗಿರತ್ತೆ, ಕೆಳಗಿನ ಗಟ್ಟಿ ಮಣ್ಣನ್ನ ಭಾರದ ಮಷಿನ್‌ಗಳು ತುಳಿದು ತುಳಿದು ಅದುಮಿರತ್ತೆ, ಅದರ ಮೇಲೆ ಚಾಪೆ ಹಾಸಿದ ಹಾಗೆ ಹುಲ್ಲು ಹಾಸಿ ಕೀ ಕೊಟ್ಟುಬಿಡ್ತಾರೆ. ಒಂದು ಸುಲಭ ಪರೀಕ್ಷೆ ಇದೆ. ಗಿಡ ಹಾಕ್ಬೇಕು ಅಂದ್ಕೊಂಡಿರೋ ಜಾಗದಲ್ಲಿ ಒಂದಡಿ ಆಳ ಗುಂಡಿ ತೋಡಿ, ನೀರು ತುಂಬಿಸಿ, ಇಂಗಿದ ಮೇಲೆ ಇನ್ನೊಂದ್ಸಲ ತುಂಬಿಸಿ. ಮಾರನೇ ದಿನ ಹೋಗಿ ನೋಡಿದಾಗಲೂ ಗುಂಡಿಯಲ್ಲಿ ನೀರು ನಿಂತಿದ್ರೆ ಆ ಜಾಗಕ್ಕೆ ನಿಂಬೆ, ನುಗ್ಗೆ, ಗುಲಾಬಿ ಯಾವುದೂ ನೇರವಾಗಿ ಹಾಕ್ಬೇಡಿ, ಬೇರು ಕೊಳೆಯತ್ತೆ, ಅಷ್ಟೇ. ಅಲ್ಲಿ ಏರುಮಡಿ ಕಟ್ಟಬೇಕು, ಇಲ್ಲಾ ನೀರಲ್ಲಿ ನಿಲ್ಲೋ ಗಿಡ ಹಾಕ್ಬೇಕು.

ಈಗ ನೀರಿನ ದಾರಿ. ನೆಲ ಮನೆಯಿಂದ ಹೊರಗಡೆಗೆ ಇಳಿಜಾರಾಗಿರಬೇಕು, ಮೊದಲ ಹತ್ತಡಿಯಲ್ಲಿ ಆರಿಂಚು ಇಳೀಬೇಕು ಅನ್ನೋದು ಸಾಮಾನ್ಯ ಲೆಕ್ಕ. ಎರಡು ಮನೆಗಳ ನಡುವೆ ಉದ್ದಕ್ಕೂ ಒಂದು ತಗ್ಗು ಇರತ್ತೆ ನೋಡಿ, ಸ್ವೇಲ್ ಅಂತಾರೆ, ಅದು ಬಿಲ್ಡರ್ ಸರಿಯಾಗಿ ಮಟ್ಟ ಮಾಡದೆ ಬಿಟ್ಟಿದ್ದಲ್ಲ, ಹಿತ್ತಲಿನ ನೀರು ರಸ್ತೆಗೆ ಹೋಗೋಕೆ ಬೇಕಂತಲೇ ಮಾಡಿದ ಕಾಲುವೆ. ಅದರ ಮೇಲೆ ಮಣ್ಣು ತುಂಬಿ ಚಪ್ಪಡಿ ಹಾಕಿಬಿಟ್ರೆ ನಿಮ್ಮ ನೀರೂ ನಿಲ್ಲತ್ತೆ, ಪಕ್ಕದ ಮನೆಯೋರ ನೀರೂ ನಿಲ್ಲತ್ತೆ, ಆಮೇಲೆ ಬೇಲಿ ಆಚೆ ಈಚೆ ಮಾತುಕತೆ ಬಂದ್ ಆಗತ್ತೆ. ಇನ್ನೊಂದು ನಾನು ತುಂಬ ಕಡೆ ನೋಡೋದು ಏನಂದ್ರೆ ಗೋಡೆ ಪಕ್ಕ ಹೂವಿನ ಪಾತಿ ಮಾಡ್ತಾರೆ, ಚಂದ ಕಾಣಲಿ ಅಂತ ಸುತ್ತ ಕಲ್ಲು ಕಟ್ಟಿ ಸಿಮೆಂಟ್ ಹಾಕಿಸ್ತಾರೆ, ಸೂರಿನ ನೀರು ಬಂದು ಆ ಪಾತಿಯಲ್ಲಿ ಬೀಳತ್ತೆ, ಹೊರಗೆ ಹೋಗೋಕೆ ದಾರಿ ಇಲ್ಲ, ಹೀಗೆ ಗೋಡೆಗೆ ಒತ್ತಿಕೊಂಡೇ ಒಂದು ಪುಟ್ಟ ಕೆರೆ ಕಟ್ಟಿದ ಹಾಗಾಯ್ತು. ಕಲ್ಲು ಕಟ್ಟೋದಾದ್ರೆ ಕೆಳಗಡೆ ಅಲ್ಲಲ್ಲಿ ಸಂದು ಬಿಡಿಸಿ. ಇಟ್ಟಿಗೆ ಗೋಡೆಯ ಬುಡದಲ್ಲಿ ಸಣ್ಣ ಸಣ್ಣ ಗಾಳಿಕಿಂಡಿಗಳು ಇರ್ತಾವೆ, ಗೋಡೆ ಒಳಗಿನ ತೇವ ಆಚೆ ಬರೋಕೆ ಇರೋದು ಅವು, ಮಣ್ಣಾಗಲಿ ಮಲ್ಚ್ ಆಗಲಿ (ಅದೇ, ಗಿಡದ ಬುಡಕ್ಕೆ ಹೊದಿಸೋ ಮರದ ಚೂರು) ಏನೇ ಹಾಕಿದ್ರೂ ಅದಕ್ಕಿಂತ ಕೆಳಗೇ ಇರಲಿ, ಮುಚ್ಚಿದ್ರೆ ಗೆದ್ದಲಿಗೆ ನೀವೇ ಬಾಗಿಲು ತೆಗೆದ ಹಾಗೆ.

ಇಷ್ಟೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ ಇಲ್ಲಿನ ಮನೆಗಳು ಹೆಚ್ಚಿನವು ಒಂದೇ ಕಾಂಕ್ರೀಟ್ ಸ್ಲ್ಯಾಬ್ ಮೇಲೆ ಕೂತಿರೋದು, ಒಂದು ಕಡೆ ಮಣ್ಣು ಉಬ್ಬಿ ಇನ್ನೊಂದು ಕಡೆ ಕುಗ್ಗಿದ್ರೆ ಸ್ಲ್ಯಾಬ್ ಬಾಗತ್ತೆ, ಬಾಗಿಲು ಹಾಕೋಕಾಗಲ್ಲ, ಗೋಡೆ ಮೂಲೆಯಲ್ಲಿ ಓರೆ ಬಿರುಕು. ಫೌಂಡೇಶನ್ ರಿಪೇರಿ ಖರ್ಚು ಕೇಳಿದೋರು ಯಾರೂ ಮರೆಯಲ್ಲ. ಅದಕ್ಕೇ ಒಣ ಬೇಸಿಗೆಯಲ್ಲಿ ಗೋಡೆಯಿಂದ ಒಂದೂವರೆ ಅಡಿ ದೂರದಲ್ಲಿ ಜಿನುಗೋ ಪೈಪ್ ಹಾಕಿ ನಿಧಾನ ನೀರು ಬಿಡ್ತಾರೆ. ಗೋಡೆಗೆ ಅಂಟಿಸಿ ಹಾಕೋದಲ್ಲ, ಹಾಗೆ ಮಾಡಿದ್ರೆ ಬಿರುಕಿನೊಳಗೆ ನೀರು ಇಳಿದು ಸ್ಲ್ಯಾಬ್ ಅಡಿಗೆ ಹೋಗತ್ತೆ. ಸುತ್ತಲೂ ತೇವ ಒಂದೇ ಸಮ ಇರಬೇಕು, ಅದೇ ಗುಟ್ಟು. ದೊಡ್ಡ ಮರ ಗೋಡೆ ಪಕ್ಕ ಹಾಕಬಾರದು ಅನ್ನೋದೂ ಇದಕ್ಕೇ. ಲೈವ್ ಓಕ್ ಇಲ್ಲಿನ ರಾಜ, ಆದ್ರೆ ರಾಜನಿಗೆ ಮನೆಯಿಂದ ಇಪ್ಪತ್ತಡಿಗೂ ಆಚೆ ಜಾಗ ಬೇಕು.

ಮಣ್ಣು ಸುಧಾರಿಸೋದಕ್ಕೆ ಎಲ್ಲರೂ ಮೊದಲು ಹೇಳೋದು ಮರಳು ಸೇರಿಸಿ ಅಂತ. ಬೇಡ. ಜೇಡಿಗೆ ಸ್ವಲ್ಪ ಮರಳು ಬೆರೆಸಿದ್ರೆ ಮಣ್ಣು ಇನ್ನೂ ಬಿಗಿಯಾಗತ್ತೆ, ಪ್ರಯೋಜನ ಆಗ್ಬೇಕಂದ್ರೆ ಅರ್ಧಕ್ಕಿಂತ ಜಾಸ್ತಿ ಮರಳೇ ಹಾಕ್ಬೇಕು, ಅಷ್ಟು ಯಾರು ಹೊರ್ತಾರೆ. ಜಿಪ್ಸಮ್ಮೂ ಅಷ್ಟೇ, ಸೋಡಿಯಂ ಜಾಸ್ತಿ ಇರೋ ಚೌಳು ಮಣ್ಣಿಗೆ ಅದು ಮದ್ದು, ಉಳಿದ ಮಣ್ಣಿಗೆ ದುಡ್ಡು ದಂಡ. ಟೆಕ್ಸಸ್ ಎ ಅಂಡ್ ಎಮ್ ಕೃಷಿ ವಿಸ್ತರಣಾ ವಿಭಾಗದೋರು ಹೇಳೋದು ಎಕ್ಸ್‌ಪ್ಯಾಂಡೆಡ್ ಶೇಲ್, ಸುಟ್ಟು ಉಬ್ಬಿಸಿದ ಹಗುರ ಕಲ್ಲಿನ ಚೂರು, ಅದನ್ನ ಮೂರಿಂಚು ಹರಡಿ ಆರೆಂಟು ಇಂಚು ಆಳಕ್ಕೆ ಬೆರೆಸಿದ್ರೆ ಮಣ್ಣಲ್ಲಿ ಗಾಳಿ ಓಡಾಡತ್ತೆ, ಮತ್ತೆ ಕರಗಿ ಹೋಗಲ್ಲ. ಜೊತೆಗೆ ಕಾಂಪೋಸ್ಟ್. ಶೇಲ್ ದುಬಾರಿ, ಇಡೀ ಅಂಗಳಕ್ಕೆ ಹಾಕೋದು ಹುಚ್ಚು, ಹೂವಿನ ಪಾತಿಗೆ ಸಾಕು. ಮತ್ತೆ ಹಸಿ ಇರೋವಾಗ ಅಗೆಯೋಕೆ ಹೋಗ್ಬೇಡಿ, ಎರೆ ಹೊಲಕ್ಕೆ ಹಸಿಯಲ್ಲಿ ನೇಗಿಲು ಹೂಡಿದ್ರೆ ಹೆಂಟೆ ಏಳತ್ತೆ ಅಂತ ನಮ್ಮ ಕಡೆ ರೈತರು ಬಿಡ್ತಾ ಇರಲಿಲ್ಲ, ಅದೇ ಮಾತು ಇಲ್ಲಿಗೂ.

ಮರ ನೆಡೋದು ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಇದರಲ್ಲೇ ಜಾಸ್ತಿ ಗಿಡ ಸಾಯೋದು. ಗುಂಡಿ ಅಗಲ ಇರಲಿ, ಕುಂಡದ ಎರಡು ಮೂರು ಪಟ್ಟು, ಆಳ ಮಾತ್ರ ಬೇರಿನ ಉಂಡೆಗಿಂತ ಒಂದೆರಡು ಇಂಚು ಕಮ್ಮಿ. ಸಲಿಕೆ ತಾಗಿ ಗುಂಡಿ ಗೋಡೆ ಗಾರೆ ತೀಡಿದ ಹಾಗೆ ನುಣ್ಣಗೆ ಹೊಳೀತಿರತ್ತೆ, ಆ ಹೊಳಪನ್ನ ಮೊನೆಯಿಂದ ಗೀರಿ ಗೀರಿ ಒರಟು ಮಾಡಿ, ಇಲ್ಲಾಂದ್ರೆ ಬೇರು ಅಲ್ಲಿಂದ ಆಚೆ ಹೋಗಲ್ಲ, ಒಳಗೇ ಸುತ್ತತ್ತೆ. ಗುಂಡಿ ತುಂಬ ಕಾಂಪೋಸ್ಟ್ ಸುರಿಯೋ ಆಸೆ ಎಲ್ಲರಿಗೂ ಬರತ್ತೆ, ಬೇಡ, ತೆಗೆದ ಮಣ್ಣನ್ನೇ ಪುಡಿ ಮಾಡಿ ವಾಪಸ್ ತುಂಬಿ, ಸುತ್ತ ಜೇಡಿ ಇದ್ದು ನಡುವೆ ಸಡಿಲ ಮಣ್ಣು ಇದ್ರೆ ಮಳೆನೀರೆಲ್ಲ ಆ ಗುಂಡಿಗೇ ಬಂದು ನಿಲ್ಲತ್ತೆ. ಕಾಂಡ ಅಗಲ ಆಗಿ ಬೇರಾಗೋ ಜಾಗ ನೆಲದ ಮೇಲೆ ಕಾಣ್ತಿರಬೇಕು. ಎರಡು ಮೂರಿಂಚು ಮಲ್ಚ್ ಹಾಕಿ, ಕಾಂಡಕ್ಕೆ ತಾಗಿಸಬೇಡಿ. ಇಲ್ಲಿ ಎಷ್ಟೋ ಅಂಗಡಿ ಮುಂದೆ ಮರದ ಬುಡಕ್ಕೆ ಹುತ್ತದ ಥರ ಮಲ್ಚ್ ಪೇರಿಸಿರ್ತಾರೆ, ಅದನ್ನ ನೋಡಿ ಕಲೀಬೇಡಿ. ಈಗಿನಿಂದ ಫೆಬ್ರವರಿವರೆಗೆ ನೆಟ್ರೆ ಬಿಸಿಲು ಬರೋ ಹೊತ್ತಿಗೆ ಬೇರು ಹಿಡಿದಿರತ್ತೆ. ಏಪ್ರಿಲ್‌ನಲ್ಲಿ ಹೂವು ನೋಡಿ ಮನಸೋತು ತರ್ತಾರಲ್ಲ, ಆ ಗಿಡಕ್ಕೆ ಇಡೀ ಬೇಸಿಗೆ ನೀರು ಹೊರಬೇಕು.

ಯಾವ ಗಿಡ ಅಂತ ಕೇಳಿದ್ರೆ, ನೀರು ನಿಲ್ಲೋ ಮೂಲೆಗೆ ಬಾಲ್ಡ್ ಸೈಪ್ರೆಸ್, ಲೂಸಿಯಾನಾ ಐರಿಸ್, ಕುಳ್ಳ ಪಾಮೆಟ್ಟೊ. ಬೇಲಿಗೆ ಯೌಪಾನ್ ಹಾಲಿ, ವ್ಯಾಕ್ಸ್ ಮರ್ಟಲ್. ನೆರಳಿಗೆ ಟರ್ಕ್ಸ್ ಕ್ಯಾಪ್, ಇದು ದಾಸವಾಳದ ಸಂಬಂಧಿ, ಹೂವು ಪೂರ್ತಿ ಅರಳಲ್ಲ ಆದ್ರೆ ಬೇಸಿಗೆ ಉದ್ದಕ್ಕೂ ಕೆಂಪಗೆ ಬಿಡ್ತಾನೇ ಇರತ್ತೆ, ದೇವರ ತಲೆ ಮೇಲೆ ಇಡೋಕೂ ಆಯ್ತು, ಹಮ್ಮಿಂಗ್‌ಬರ್ಡ್‌ಗೂ ಆಯ್ತು. ಬಿಸಿಲಿಗೆ ಪ್ರೈಡ್ ಆಫ್ ಬಾರ್ಬಡೋಸ್ ಅಂತ ದುಡ್ಡು ಕೊಟ್ಟು ತರೋದು ನಮ್ಮೂರ ರತ್ನಗಂಧಿನೇ. ಕ್ರೇಪ್ ಮರ್ಟಲ್ ನಮ್ಮ ಹೊಳೆದಾಸವಾಳದ ಕುಲ, ಅದನ್ನ ಪ್ರತಿ ಫೆಬ್ರವರಿ ತಲೆ ಬೋಳಿಸಿ ಮೋಟು ಮಾಡೋ ಚಟ ಈ ಊರಿಗಿದೆ, ಯಾವ ಅಗತ್ಯಾನೂ ಇಲ್ಲ. ಲಂಟಾನ ಅಂದ್ರೆ ಬಂಡೀಪುರದ ಕಾಡು ನುಂಗಿದ ಪೀಡೆ ಅಂತ ನಮಗೆ ಮೈ ಉರಿಯತ್ತೆ, ಆದ್ರೆ ಟೆಕ್ಸಸ್ ಲಂಟಾನ ಅಂತ ಇಲ್ಲಿಯದೇ ಒಂದು ಜಾತಿ ಇದೆ, ಕೇಳಿ ಅದನ್ನೇ ತಗೊಳ್ಳಿ. ಕರಾವಳಿಯೋರು ಪತ್ರೊಡೆಗೆ ಕೆಸು ಹಾಕ್ತೀವಿ ಅಂತಾರೆ, ಇಲ್ಲಿ ಅದು ಹೊಳೆ ದಂಡೆ ಹಿಡಿದು ಹಬ್ಬೋ ಕಳೆ, ಟಬ್ಬಲ್ಲೇ ಬೆಳೆಸಿ. ಕರಿಬೇವು ಕುಂಡದಲ್ಲೇ ಇರಲಿ, ಚಳಿಗೆ ಒಳಗೆ ತರೋಕೂ ಸುಲಭ. ಬೇರೆ ರಾಜ್ಯದಿಂದ ಫ್ರೆಂಡ್ಸ್ ಹತ್ರ ತರಿಸ್ಕೋಬೇಡಿ, ನಿಂಬೆ ಜಾತಿಗೆ ರೋಗ ಹರಡೋ ಸಿಲ್ಲಿಡ್ ಹುಳ ಅದರ ಮೇಲೂ ಬದುಕತ್ತೆ.

ಹುಲ್ಲಿನ ಬಗ್ಗೆ ನನ್ನ ಅಭಿಪ್ರಾಯ ಕೇಳಿದ್ರೆ ಅರ್ಧ ಮಾಡಿ. ಸೇಂಟ್ ಆಗಸ್ಟೀನ್ ಹುಲ್ಲು ಮೂರ್ನಾಲ್ಕು ಇಂಚು ಎತ್ತರ ಬಿಟ್ಟು ಕತ್ತರಿಸಿ, ಬೆಳಗಿನ ಜಾವ ನೀರು ಹಾಕಿ, ಸಂಜೆ ಹಾಕಿದ್ರೆ ಈ ಸೆಕೆಗೆ ಬೂಷ್ಟು ಗ್ಯಾರಂಟಿ. ಜೇಡಿ ನೀರು ಬೇಗ ಕುಡಿಯಲ್ಲ, ಹತ್ತು ನಿಮಿಷ ಬಿಟ್ಟು, ಅರ್ಧ ಗಂಟೆ ನಿಲ್ಲಿಸಿ, ಮತ್ತೆ ಹತ್ತು ನಿಮಿಷ ಬಿಡಿ, ಇಲ್ಲಾಂದ್ರೆ ದುಡ್ಡು ಕಟ್ಟಿದ ನೀರು ಚರಂಡಿಗೆ. ಹುಲ್ಲು ತೆಗೆದು ಪಾತಿ ಮಾಡೋಕೆ ಎಚ್‌ಒಎ, ಅಂದ್ರೆ ಬಡಾವಣೆಯ ಮನೆ ಮಾಲೀಕರ ಸಂಘ, ಬಿಡಲ್ಲ ಅಂತೀರಾ? ನೀರು ಉಳಿಸೋ ಗಿಡಗಳನ್ನ ಸುಮ್ಮಸುಮ್ಮನೆ ಬೇಡ ಅನ್ನೋ ಹಾಗಿಲ್ಲ ಅಂತ 2013ರಲ್ಲೇ ಟೆಕ್ಸಸ್‌ನಲ್ಲಿ ಕಾನೂನಾಗಿದೆ, ಆದ್ರೆ ಪ್ಲಾನ್ ಕೊಡಿ ಅಂತ ಕೇಳೋ ಹಕ್ಕು ಅವರಿಗಿದೆ. ಹಾಗಾಗಿ ಕೆಲಸ ಶುರು ಮಾಡೋ ಮುಂಚೆ ಒಂದು ಚಿತ್ರ ಬರೆದು ಕಳಿಸಿ, ಒಪ್ಪಿಗೆ ಕಾಗದ ಎತ್ತಿಟ್ಕೊಳ್ಳಿ.

ಕೊನೆಗೆ ಚಳಿ. ಹ್ಯೂಸ್ಟನ್ ಬಿಸಿ ಊರು ಅಂತ ಮರೆತಿರ್ತೀವಿ, 2021ರ ಫೆಬ್ರವರಿಯಲ್ಲಿ ಮೈನಸ್ ಹತ್ತು ಡಿಗ್ರಿ ಆಗಿ ಊರ ತುಂಬ ನಿಂಬೆ, ದಾಸವಾಳ, ಬೋಗನ್‌ವಿಲ್ಲಾ ಸುಟ್ಟು ಹೋದವು, 2025ರ ಜನವರಿಯಲ್ಲಿ ಹಿಮಾನೇ ಬಿತ್ತು. ಹಳೇ ಬೆಡ್‌ಶೀಟ್ ನೆಲ ಮುಟ್ಟೋ ಹಾಗೆ ಹೊದಿಸಿ, ನೆಲದ ಶಾಖ ಒಳಗೆ ಉಳಿಯತ್ತೆ, ಪ್ಲಾಸ್ಟಿಕ್ ಎಲೆಗೆ ತಾಗಿಸಬೇಡಿ. ಕಂದಿದ ಗಿಡ ನೋಡೋಕಾಗಲ್ಲ ಅಂತ ಕೂಡಲೇ ಕತ್ತರಿಸಬೇಡಿ, ಮಾರ್ಚ್ ಮಧ್ಯದವರೆಗೂ ಕಾಯಿರಿ, ಉಗುರಿಂದ ತೊಗಟೆ ಸ್ವಲ್ಪ ಕೆರೆದು ನೋಡಿ, ಎಲ್ಲಿವರೆಗೆ ಹಸಿರಿದೆಯೋ ಅಲ್ಲಿವರೆಗೆ ಬಿಟ್ಟು ಮೇಲಿಂದ ತೆಗೀರಿ. ಬಾಳೆ ಪೂರ್ತಿ ಕರಗಿ ಹೋದ್ರೂ ಗಡ್ಡೆ ಬದುಕಿದ್ರೆ ಏಪ್ರಿಲ್‌ನಲ್ಲಿ ಕಂದು ಒಡೆಯತ್ತೆ, ಅದನ್ನ ಕಿತ್ತು ಹಾಕ್ಬೇಡಿ. ಸರಿ, ನನ್ನ ಟೈಮ್ ಮುಗೀತು, ನಮಸ್ಕಾರ.