ಕಲಬುರಗಿ ಬಿಸಲಾಗ ಹಳೇ ಅನಲಾಗ್ ಸಿಂಥ್: ತಗೋಬೇಕಾ, ಬಿಡಬೇಕಾ?

[ಪರದೆ: ಧೂಳು ಹಿಡಿದ ಹಳೇ ಕೀಬೋರ್ಡ್, ಅದರ ಪಕ್ಕ ಥರ್ಮಾಮೀಟರ್]

ನಮಸ್ಕಾರ್ರಿ. ಕಲಬುರಗಿ, ಬೀದರ್, ಯಾದಗಿರಿ ಕಡಿ ಕೀಬೋರ್ಡ್ ನುಡಸೋರು ಒಂದೇ ಮಾತು ಕೇಳ್ಲಿಕತ್ತಾರ: "ಮುಂಬೈದಾಗ 1980ರ ಕಾಲದ್ದು ಅನಲಾಗ್ ಸಿಂಥ್ ಸಿಗ್ಲಿಕತ್ತದ. ತರಬೇಕೋ, ಇಲ್ಲ ಹೊಸಾದು ತಗೋಬೇಕೋ?"

ಮೂಲ ಪಾಠ ಜಲ್ದಿ ಮುಗಸ್ತೀನಿ. ಸಿಂಥ್ ಅಂದ್ರ ಸಿಂಥಸೈಜರ್, ಕರೆಂಟಿನಿಂದ ದನಿ ಹುಟ್ಟಸೋ ಕೀಬೋರ್ಡ್; ಅನಲಾಗ್ ಅಂದ್ರ ಆ ದನಿ ಕರೆಂಟಿನ ಸರ್ಕ್ಯೂಟಿನಾಗೇ ಹುಟ್ಟತದ. ಆಸಿಲೇಟರ್ ದನಿ ಹುಟ್ಟಸ್ತದ, ಫಿಲ್ಟರ್ ಅದನ್ನ ಕೆತ್ತತದ, ಆಂಪ್ಲಿಫೈಯರ್ ಏರಿಳಸ್ತದ. 1970ರ ಮಿನಿಮೋಗ್, 1978ರ ಪ್ರಾಫೆಟ್-5, 1984ರ ಜೂನೋ-106 ಎಲ್ಲಾ ಇದೇ ಮನೆತನದವು. ಇಷ್ಟು ಸಾಕು, ಯಾಕಂದ್ರ ನಮ್ಮ ಊರಿಗೆ ಇದಕ್ಕಿಂತ ದೊಡ್ಡ ಮಾತು ಬ್ಯಾರೆ ಅದ. ಬಿಸಲು.

[ಪರದೆ: 25 ಡಿಗ್ರಿ, ಆಮ್ಯಾಲ 42 ಡಿಗ್ರಿ]

ತತ್ವಪದ ಹಾಡೋರ ಏಕತಾರಿ ನೋಡೀರಿ. ಬಿಸಲಿಗೆ ತಂತಿ ಸಡಿಲಾದ್ರ ಶ್ರುತಿ ಇಳೀತದ, ಖೂಂಟಿ ತಿರುವಿದ್ರ ಮತ್ತ ಸರಿ. ಹಳೇ ಸಿಂಥೂ ಹಿಂಗೇ ಇರ್ತದ, ಟ್ಯೂನ್ ಗುಂಡಿ ತಿರುವಿದ್ರಾಯ್ತು ಅಂತ ಭಾಳ ಮಂದಿ ತಿಳಕೊಂಡಾರ. ಖರೇ ಸಂಗತಿ ಬ್ಯಾರೆ. ಸಿಂಥಿನಾಗ ಶ್ರುತಿ ಅಷ್ಟೇ ಇಳಿಯಂಗಿಲ್ಲ, ಸ್ಥಾಯಿನೇ, ಅಂದ್ರ ಒಂದು ಸಾದಿಂದ ಮ್ಯಾಲಿನ ಸಾದ ತನಕದ ಅಂತರನೇ, ಕುಗ್ಗತದ.

ಹೆಂಗ ಅಂದ್ರ, ಕೀಲಿಮಣಿಯಿಂದ ಆಸಿಲೇಟರಿಗೆ ವೋಲ್ಟೇಜ್ ಹೋಗ್ತದ, ಒಂದು ಸ್ಥಾಯಿಗೆ ಒಂದು ವೋಲ್ಟ್. ಪ್ರತಿ ವೋಲ್ಟಿಗೂ ಕಂಪನ ದುಪ್ಪಟ್ಟಾಗಬೇಕು. ಆ ದುಪ್ಪಟ್ಟಿನ ಲೆಕ್ಕ ಮಾಡೋದು ಒಂದು ಜೋಡಿ ಟ್ರಾನ್ಸಿಸ್ಟರ್. 25 ಡಿಗ್ರಿಯಾಗ ಅದರ ಬಾಯಿಗೆ ಸುಮಾರು 18 ಮಿಲಿವೋಲ್ಟ್ ಹೆಚ್ಚಿಗಿ ಕೊಟ್ರ ಕರೆಂಟ್ ದುಪ್ಪಟ್ಟು. ಆದ್ರ ಈ 18 ಸ್ಥಿರ ಅಲ್ಲ, ಕೆಲ್ವಿನ್ ತಾಪಮಾನದ ಜೋಡಿ ಏರ್ತದ. 25 ಡಿಗ್ರಿ ಅಂದ್ರ 298 ಕೆಲ್ವಿನ್, 42 ಡಿಗ್ರಿ ಅಂದ್ರ 315. ಟ್ರಾನ್ಸಿಸ್ಟರ್ ಈಗ ಸುಮಾರು 19 ಬೇಡ್ತದ, ಕೀಲಿಮಣಿ ಮೊದಲಿನಷ್ಟೇ ಕೊಡ್ತದ.

ಲೆಕ್ಕ ಹಾಕ್ರಿ. ಸೆಂಟ್ ಅಂದ್ರ ಅರ್ಧಸ್ವರದ ನೂರನೇ ಪಾಲು. ಸ್ಥಾಯಿ 1200 ಸೆಂಟ್ ಇರಬೇಕಾದಲ್ಲಿ ಸುಮಾರು 1135 ಬರ್ತದ. 65 ಸೆಂಟ್ ಕಮ್ಮಿ, ಅಂದ್ರ ಅರ್ಧಸ್ವರದ ಅರ್ಧಕ್ಕಿಂತ ಹೆಚ್ಚು. ಕೆಳಗಿನ ಸಾ ಶ್ರುತಿಗೆ ಕೂಡಿಸಿ ಎರಡು ಸ್ಥಾಯಿ ಮ್ಯಾಲ ಹೋದ್ರ 130 ಸೆಂಟ್ ಕಮ್ಮಿ. ಸಾ ಒತ್ತೀರಿ, ದನಿ ಶುದ್ಧ ನಿಷಾದಕ್ಕಿಂತ ಕೆಳಗ ಬಂತು! ಗುಂಡಿ ತಿರುವಿ ಮ್ಯಾಲಿನ ಸಾ ಸರಿ ಮಾಡ್ರಿ, ಕೆಳಗಿನದು ಏರಿ ಹೋಗ್ತದ. ಈ ರೋಗಕ್ಕ ಹೊರಗ ಖೂಂಟಿನೇ ಇಲ್ಲ.

ಇದು ರಕ್ಷಣೆ ಏನೂ ಇಲ್ಲದಾಗಿನ ಲೆಕ್ಕ. ತಯಾರಕರು ಸುಮ್ಮ ಕೂತಿರ್ಲಿಲ್ಲ. ಬಿಸಿ ಏರಿದಂಗ ತಾನೂ ಏರೋ ರೆಸಿಸ್ಟರ್ ಇಟ್ಟಾರ, ಡಿಗ್ರಿಗೆ 0.33 ಪ್ರತಿಶತ. ಆದ್ರ ಅದು ಟ್ರಾನ್ಸಿಸ್ಟರಿಗೆ ಅಂಟಿಕೊಂಡೇ ಇರಬೇಕು, ಎರಡಕ್ಕೂ ಒಂದೇ ಬಿಸಿ ತಾಗಬೇಕು. ನಡುವಿನ ಪೇಸ್ಟ್ 40 ವರ್ಷಕ್ಕ ಒಣಗಿ ಸಂದು ಬಿಟ್ರ ರಕ್ಷಣೆ ಕುಂಟತದ. ಅದಕ್ಕ ಹಳೇದು ತರೋದಾದ್ರ ಆ ಜಾಗದಾಗ ಹೊಸ ಥರ್ಮಲ್ ಪೇಸ್ಟ್ ಹಚ್ಚಸ್ರಿ, ಆಮ್ಯಾಲ ಸ್ಕೇಲ್ ಟ್ರಿಮ್ಮರ್, ಅಂದ್ರ ಸ್ಥಾಯಿಯ ಅಳತಿ ಸರಿ ಮಾಡೋ ಒಳಗಿನ ಸಣ್ಣ ತಿರುಪು, ಹೊಂದಸ್ರಿ. ಅದೂ ಮಶೀನ್ ಅರ್ಧ ತಾಸು ಚಾಲೂ ಇದ್ದ ಮ್ಯಾಲ. ತಣ್ಣಗಿದ್ದಾಗ ಮಾಡಿದ ಟ್ಯೂನಿಂಗ್ ನಿಲ್ಲಂಗಿಲ್ಲ.

[ಪರದೆ: ಜೂನೋ-106 ಒಳಗಿನ ಬೋರ್ಡ್]

ಜೂನೋ-106ಕ್ಕ ಈ ಕಷ್ಟ ಇಲ್ಲ. ಅದರ ಕಂಪನ ಡಿಜಿಟಲ್ ಗಡಿಯಾರದ ಲೆಕ್ಕದಾಗ ನಡೀತದ, ಮೇ ತಿಂಗಳದಾಗೂ ಶ್ರುತಿ ಅಲಗಂಗಿಲ್ಲ. ಅದರ ರೋಗ 80017ಎ ಅನ್ನೋ ಚಿಪ್. ಫಿಲ್ಟರ್, ಆಂಪ್ಲಿಫೈಯರ್ ಎರಡೂ ಅದರಾಗೇ. ಒಮ್ಮೆಲೆ ಬಾರಿಸೋ ಆರು ದನಿಗೆ ಆರು ಚಿಪ್. ಮ್ಯಾಲಿನ ಎಪಾಕ್ಸಿ ಲೇಪ ವರ್ಷ ಕಳದಂಗ ಕರೆಂಟ್ ಸೋರಸ್ತದ. ದನಿ ಚರಚರ ಅಂತದ, ಕೈ ತಗದ್ರೂ ನಿಲ್ಲಂಗಿಲ್ಲ, ಇಲ್ಲ ಪೂರಾ ಸತ್ತೇ ಹೋಗ್ತದ. ಚಿಪ್ ಬಿಚ್ಚಿ ಅಸಿಟೋನಿನಾಗ ನೆನಸಿ ಲೇಪ ಕೆರೀತಾರ, ಆದ್ರ ಅದು ಎಲ್ಲಾ ಸಲ ಬಾಳಿಕಿ ಬರಂಗಿಲ್ಲ. ಈಗ ತಯಾರಾಗೋ ಬದಲಿ ಚಿಪ್ ಆರೂ ಕೂಡಿ ಹಾಕೋದೇ ಛಲೋ.

ಪರೀಕ್ಷೆ ಸರಳ ಅದ. ಕೀ ಟ್ರಾನ್ಸ್‌ಪೋಸ್ ಗುಂಡಿ ಒತ್ತಿ ಹಿಡಕೊಂಡು ಪವರ್ ಹಾಕ್ರಿ. ಕೀಲಿ ಒತ್ತಿದಂಗ ಯಾವ ದನಿ ಬಾರಿಸ್ತದ ಅನ್ನೋ ನಂಬರ್ ಡಿಸ್‌ಪ್ಲೇದಾಗ ಬರ್ತದ. ಕೋರಸ್ (ದನಿ ದಪ್ಪ ಮಾಡೋ ಎಫೆಕ್ಟ್) ಬಂದ್ ಮಾಡಿ, 1ರಿಂದ 6ರ ತನಕ ಒಂದೊಂದೇ ಕೇಳ್ರಿ. ಕೋರಸ್ ಚಾಲೂ ಇದ್ರ ಸಣ್ಣ ದೋಷ ಮುಚ್ಚಿ ಹೋಗ್ತದ. ಜೂನೋದ ಹೆಸರಿನ ಅರ್ಧ ಪಾಲು ಆ ಕೋರಸ್ಸಿಗೇ ಸಲ್ಲಬೇಕು, ಅದಿಲ್ಲದ ಜೂನೋ ಬರೀ ಒಂದೇ ಆಸಿಲೇಟರಿನ ಸಾದಾ ದನಿ.

ಟೈಮ್ ಕಮ್ಮಿ ಅದ, ಉಳಿದದ್ದು ಓಡಿಸ್ತೀನಿ. ಜಪಾನಿನ ಪ್ಯಾಟಿ ಮಾಲು 100 ವೋಲ್ಟಿಂದು, ನಮ್ಮ ಮನಿ ಪ್ಲಗ್ 230. ಸ್ಟೆಬಿಲೈಜರ್ ಅದ ಅಂತ ನಂಬಿ ನೇರ ಚುಚ್ಚಬ್ಯಾಡ್ರಿ, ಅದು 230ರ ಸುತ್ತನೇ ಕಾಯ್ತದ. 230ರಿಂದ 100ಕ್ಕ ಇಳಸೋ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬ್ಯಾರೆ ಬೇಕು. ಸ್ಪೀಕರಿನಾಗ ಗುಂಯ್ ಅನ್ನೋ ಸಪ್ಪಳ ಬಂದ್ರ ಪವರ್ ಸಪ್ಲೈ ಕೆಪಾಸಿಟರ್ ಒಣಗಿರಬೇಕು. ಹೊಸಾದು ಹಾಕೋವಾಗ 105 ಡಿಗ್ರಿ ಅಂತ ಬರದದ್ದೇ ತಗೋರಿ, 85ರದ್ದು ನಮ್ಮ ಕಡಿ ಬ್ಯಾಡ. 1981ರ ಕೋರ್ಗ್ ಪಾಲಿಸಿಕ್ಸ್ ಆದ್ರ ಕೆಎಲ್‌ಎಂ-367 ಬೋರ್ಡಿನ ಫೋಟೋ ಕೇಳ್ರಿ. ಅದರ ಮ್ಯಾಲಿನ ಬ್ಯಾಟರಿ ಸೋರಿ ತಾಮ್ರದ ಗೆರಿ ತಿಂದು ಹಾಕ್ತದ, ಹಸರ ಪುಡಿ ಕಂಡ್ರ ರೇಟ್ ಇಳಸ್ರಿ ಇಲ್ಲ ಬಿಡ್ರಿ.

[ಪರದೆ: ಹೊಸ ಸಿಂಥ್‌ಗಳು ಸಾಲಾಗಿ]

ಹೊಸಾವು? 2016ರ ಮಿನಿಲಾಗ್ ನಾಕು ದನಿದು, ಖರೇ ಅನಲಾಗ್, ತನ್ನ ಶ್ರುತಿ ತಾನೇ ಸರಿ ಮಾಡ್ಕೋತದ. ಬೆಹ್ರಿಂಗರ್ ಡೀಪ್‌ಮೈಂಡ್ 12 ಜೂನೋದ ದಾರಿಯಾಗೇ ನಡದು 12 ದನಿ ಕೊಡ್ತದ. 2013ರ ಎಂಎಸ್-20 ಮಿನಿ 1978ರದ್ದೇ ಸರ್ಕ್ಯೂಟ್, ಕೀಲಿ ಸಣ್ಣವು ಅಷ್ಟೇ. ಪ್ರಾಫೆಟ್-5 ಕೂಡ 2020ರಾಗ ಮತ್ತ ಬಂತು, ಹಳೇ ಎರಡೂ ನಮೂನಿ ಫಿಲ್ಟರ್ ಕೂಡಿ. ಶರಣಬಸವೇಶ್ವರ ಜಾತ್ರೀದಂಥ ಬಯಲು ಸ್ಟೇಜಿಗೆ, ಧೂಳಿನಾಗ, ಜನರೇಟರ್ ಕರೆಂಟಿನಾಗ ನುಡಸೋರಿಗೆ ನಾ ಹೇಳೋದು ಹೊಸಾದೇ. ಮನ್ಯಾಗ ರೆಕಾರ್ಡಿಂಗ್ ಮಾಡೋರು, ಸೋಲ್ಡರಿಂಗ್ ಐರನ್ ಹಿಡಿಯೋ ನಂಬಿಕಸ್ತ ಮೆಕ್ಯಾನಿಕ್ ಊರಾಗೇ ಇದ್ದವರು, ಚಿಪ್ ಆರೂ ಬದಲಾದ ಜೂನೋ ಸಿಕ್ರ ಜರೂರ ತಗೋರಿ. ವಿಸಿಓ (ವೋಲ್ಟೇಜಿನ ಮ್ಯಾಲ ನಡಿಯೋ ಆಸಿಲೇಟರ್) ಇರೋ ಹಳೇ ಮಶೀನ್ ಮಾತ್ರ ಎಸಿ ರೂಮ್ ಇಲ್ದ ಬ್ಯಾಡ.

ನೋಡ್ಲಿಕ್ಕ ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಮುಂಬೈಗೆ ಹೊಂಟ್ರ ಚೀಲದಾಗ ಹೆಡ್‌ಫೋನ್, ಮಲ್ಟಿಮೀಟರ್ ಇರ್ಲಿ, ಫೋನಿನಾಗ ಟ್ಯೂನರ್ ಆ್ಯಪ್ ಹಾಕ್ಕೋರಿ. ಹೋದ ಕೂಡ್ಲೇ ಮಶೀನ್ ಚಾಲೂ ಮಾಡಸ್ರಿ, ಅರ್ಧ ತಾಸು ಬಿಟ್ಟು ಪ್ರತಿ ಸ್ಥಾಯಿಯ ಸಾ ಅಳೀರಿ. ಮಾರೋರು ಅರ್ಧ ತಾಸು ಕಾಯ್ಲಿಕ್ಕ ಒಪ್ಪಲಿಲ್ಲಂದ್ರ ರೊಕ್ಕ ತಗೀಬ್ಯಾಡ್ರಿ, ವಾಪಸ್ ಬರ್ರಿ.